ಟಿಕ್ ಟಿಕ್ ಜೋರಾದರೆ ಏನರ್ಥ?



ನಮ್ಮ ಮಾಮನ ಹತ್ತಿರ ಒಂದು ಹಳೆಯ ಗೂಡ್ಸ್ ಟೆಂಪೋ ಇದೆ. ಅದರ ಸ್ಟೇರಿಂಗ್ ಕೆಳಗೆ ಆ ಕಡೆಗೊಂದು ಈ ಕಡೆಗೊಂದು ಕಡ್ಡಿ ಇವೆ. ಒಂದು ಇಂಡಿಕೇಟರಿಗೆ ಮತ್ತು ಹೆಡ್‌ಲೈಟಿಗೆ, ಇನ್ನೊಂದು ವೈಪರಿಗೆ. ಚಿಕ್ಕಂದಿನಿಂದ ನೋಡುತ್ತಿದ್ದರೂ ಅದರೊಳಗೆ ಏನಾಗುತ್ತೆ ಅಂತ ನಾನು ಯೋಚಿಸಿರಲಿಲ್ಲ. ಹೋದ ತಿಂಗಳು ನಡೆದ ಒಂದು ಘಟನೆಯಿಂದ ತಿಳಿದುಕೊಂಡೆ.

ಅವತ್ತು ಮಾಮ ನನ್ನನ್ನು ಶಾಲೆಗೆ ಬಿಡಲು ಬಂದರು. ಶಾಲೆಯ ತಿರುವಿನಲ್ಲಿ ಬಲಗಡೆ ಇಂಡಿಕೇಟರ್ ಹಾಕಿ ತಿರುಗಿಸಿದರು. ಹಿಂದೆ ಬರುತ್ತಿದ್ದ ಹಾಲಿನ ಬೈಕಿನವರು ಅದೇ ಹೊತ್ತಿಗೆ ಬಲಗಡೆಯಿಂದ ಮುಂದೆ ಹೋಗಲು ಬಂದು, ಗಾಬರಿಯಾಗಿ ಬ್ರೇಕ್ ಹಾಕಿ ಚರಂಡಿಗೆ ಬಿದ್ದರು. ಮೊಣಕಾಲು ತರಚಿತು, ಒಂದು ಕ್ಯಾನ್ ಹಾಲು ಪೂರ್ತಿ ಚೆಲ್ಲಿತು. "ಇಂಡಿಕೇಟರ್ ಹಾಕಿದ್ನಲ್ಲ, ಕಣ್ಣು ಕಾಣಲ್ವಾ?" ಅಂತ ಮಾಮ ರೇಗಿದರು. "ಎಲ್ಲಿ ಹಾಕಿದ್ರಿ? ನನಗೇನೂ ಕಾಣ್ಲಿಲ್ಲ" ಅಂತ ಅವರೂ ಕೂಗಿದರು. ಟೆಂಪೋ ಅರ್ಧ ತಿರುಗಿ ನಿಂತಿತ್ತು. ನಾನು ಇಳಿದು ನೋಡಿದೆ. ಮುಂದಿನ ಹಳದಿ ದೀಪ ಮಿನುಗುತ್ತಿತ್ತು. ಹಿಂದಿನದು ಮಿನುಗುತ್ತಿರಲಿಲ್ಲ.

ಸಂಜೆ ಪೇಟೆಯ ವೈರಿಂಗ್ ಅಂಗಡಿಗೆ ಹೋದೆವು. ಅಲ್ಲಿನ ಅಣ್ಣ ಸ್ಟೇರಿಂಗ್ ಕೆಳಗಿನ ಮುಚ್ಚಳ ಬಿಚ್ಚಿ ನನಗೆ ಎಲ್ಲಾ ತೋರಿಸಿದರು. ಎರಡು ಕಡ್ಡಿಗಳೂ ಸೇರಿ ಇರುವ ಈ ಸಾಮಾನಿಗೆ ಕಾಂಬಿನೇಷನ್ ಸ್ವಿಚ್ ಅಂತಾರೆ. ಕಡ್ಡಿ ಸರಿಸಿದಾಗ ಒಳಗಿನ ತಾಮ್ರದ ತುಂಡುಗಳು ಒಂದಕ್ಕೊಂದು ತಾಗಿ ಕರೆಂಟು ಹರಿಯುತ್ತದೆ. ಕಡ್ಡಿ ಜಾರದಂತೆ ಒಂದು ಸ್ಪ್ರಿಂಗು ಹಿಡಿದಿರುತ್ತದೆ. ತಿರುಗಿದ ಮೇಲೆ ಕಡ್ಡಿ ತಾನಾಗಿಯೇ ವಾಪಸ್ ಬರುವುದು ಹೇಗೆ? ಸ್ಟೇರಿಂಗಿನ ಜೊತೆ ತಿರುಗುವ ಒಂದು ಹಲ್ಲು ಅಲ್ಲಿದೆ. ಹೋಗುವಾಗ ಅದು ಕಡ್ಡಿಯ ಕೊಕ್ಕೆಯನ್ನು ಸವರಿಕೊಂಡು ಹೋಗುತ್ತದೆ. ಸ್ಟೇರಿಂಗ್ ನೇರ ಮಾಡುವಾಗ ಕೊಕ್ಕೆಗೆ ಸಿಕ್ಕಿ ಕಡ್ಡಿಯನ್ನು ನಡುವಿಗೆ ತಳ್ಳುತ್ತದೆ.

ಆದರೆ ದೀಪವನ್ನು ಮಿನುಗಿಸುವುದು ಈ ಕಡ್ಡಿ ಅಲ್ಲ! ಅದಕ್ಕೆ ಬೆಂಕಿಪೊಟ್ಟಣದಷ್ಟು ಚಿಕ್ಕದಾದ ಫ್ಲ್ಯಾಶರ್ ಎಂಬ ಡಬ್ಬಿ ಇದೆ. ಅದರೊಳಗೆ ಕೆಪಾಸಿಟರ್ ಎಂಬ ಭಾಗ ಇದೆ. ಅದು ಪುಟ್ಟ ಕೊಡದ ಹಾಗೆ. ಕರೆಂಟು ತುಂಬುತ್ತದೆ, ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಒಂದು ಚಿಪ್ ಅದನ್ನು ನೋಡುತ್ತಾ ರಿಲೇ ಎಂಬ ಸ್ವಿಚ್ಚನ್ನು ಹಾಕಿ ತೆಗೆದು ಮಾಡುತ್ತದೆ. ನಮಗೆ ಕೇಳುವ ಟಿಕ್ ಟಿಕ್ ಶಬ್ದ ಈ ರಿಲೇಯದು. ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು ಅಂತ ನಿಯಮ ಇದೆ.

ಈಗ ಒಂದು ಲೆಕ್ಕ ಮಾಡೋಣ. ಒಂದು ಇಂಡಿಕೇಟರ್ ಬಲ್ಬು 21 ವ್ಯಾಟ್, ಬ್ಯಾಟರಿ 12 ವೋಲ್ಟ್. 21 ಭಾಗಿಸು 12 ಅಂದರೆ 1.75 ಆಂಪಿಯರ್. ಮುಂದಿನದು ಹಿಂದಿನದು ಸೇರಿ 3.5 ಆಂಪಿಯರ್. ಒಂದು ಬಲ್ಬು ಸುಟ್ಟರೆ ಕರೆಂಟು ಅರ್ಧಕ್ಕೆ ಇಳಿಯುತ್ತದೆ. ಚಿಪ್ಪಿಗೆ ಇದು ಗೊತ್ತಾಗಿ, ಸುಮಾರು ಎರಡರಷ್ಟು ಬೇಗ ಮಿನುಗಿಸುತ್ತದೆ. "ಬಲ್ಬು ಹೋಗಿದೆ, ಇಳಿದು ನೋಡು" ಅಂತ ಡ್ರೈವರಿಗೆ ಹೇಳುವ ರೀತಿ ಅದು. ಹಳೆ ಗಾಡಿಗೆ ಎಲ್‌ಇಡಿ ಬಲ್ಬು ಹಾಕಿದರೂ ಹೀಗೇ ಆಗಬಹುದು, ಯಾಕಂದರೆ ಎಲ್‌ಇಡಿ ಕಡಿಮೆ ಕರೆಂಟು ಎಳೆಯುತ್ತದೆ.

ಈಗಿನ ಹೊಸ ಕಾರುಗಳಲ್ಲಿ ಕಡ್ಡಿಯ ಮೂಲಕ ಬಲ್ಬಿನ ಕರೆಂಟು ಹೋಗುವುದಿಲ್ಲ. ಅದು ತೆಳು ತಂತಿಯಲ್ಲಿ ಒಂದು ಸಣ್ಣ ಕಂಪ್ಯೂಟರಿಗೆ ಸಂಕೇತ ಮಾತ್ರ ಕಳಿಸುತ್ತದೆ. ದೀಪ ಹಚ್ಚುವುದು ಆ ಕಂಪ್ಯೂಟರ್. ಎಷ್ಟೋ ಕಾರುಗಳಲ್ಲಿ ಕಡ್ಡಿ ಮುಟ್ಟಿ ಬಿಟ್ಟರೆ ಮೂರೇ ಸಲ ಮಿನುಗುತ್ತದೆ. ಟಿಕ್ ಟಿಕ್ ಕೂಡ ಸ್ಪೀಕರಿನಿಂದ ಬರುತ್ತದೆ.

ಗೆಳೆಯರೇ, ಒಂದು ನಿಜ ಹೇಳಬೇಕು. ಅಪಘಾತಕ್ಕೆ ಮೂರು ದಿನ ಮುಂಚಿನಿಂದಲೂ ನಮ್ಮ ಟೆಂಪೋ ಬಲಕ್ಕೆ ತಿರುಗುವಾಗ ಟಿಕ್ಕಟಿಕ್ಕ ಅಂತ ಬೇಗ ಬೇಗ ಹೊಡೆಯುತ್ತಿತ್ತು. ನನಗೆ ಕೇಳಿಸಿತ್ತು. ನಾನು ಅದಕ್ಕೆ ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿದ್ದೆ. "ಮಾಮ, ಯಾಕೆ ಹಿಂಗೆ?" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಚೆಲ್ಲಿದ ಹಾಲಿನ ಮುಂದೆ ಆ ಬಲ್ಬಿನ ಬೆಲೆ ಏನೇನೂ ಅಲ್ಲ.

ಮಾರನೇ ದಿನ ಮಾಮ ಹಾಲಿನವರ ಮನೆಗೆ ಹೋಗಿ, "ತಪ್ಪು ನಂದೇ ಕಣಪ್ಪ" ಅಂದು ಹಾಲಿನ ದುಡ್ಡು ಕೊಟ್ಟರು. ನಾನೂ ಜೊತೆಗೆ ಹೋಗಿದ್ದೆ.

ಈಗ ದಿನಾ ಬೆಳಿಗ್ಗೆ ಮಾಮ ಕಡ್ಡಿ ಸರಿಸುತ್ತಾರೆ, ನಾನು ಟೆಂಪೋ ಸುತ್ತ ಬಂದು ನಾಲ್ಕೂ ದೀಪ ನೋಡಿ "ಸರಿ ಇದೆ" ಅಂತ ಕೂಗುತ್ತೇನೆ. ನಿಮ್ಮ ಮನೆಯಲ್ಲಿ ಗಾಡಿ ಇದ್ದರೆ ನೀವೂ ಹಾಗೆ ಮಾಡಿ. ಟಿಕ್ ಟಿಕ್ ಜೋರಾದರೆ ಸುಮ್ಮನಿರಬೇಡಿ.

— 7ನೇ ತರಗತಿ