ಅಕ್ವೇರಿಯಮ್ಮಿನ ಗಾಜಿನ ಮೇಲೆ ಹೈಡ್ರಾ

ವಿಜಯಪುರದ ಜಲನಗರದ ಮನೆಯೊಂದರ ಅಕ್ವೇರಿಯಮ್ಮಿಗೆ ಭೂತನಾಳ ಕೆರೆಯಂಥ ಜಲಾಶಯದಿಂದ ಒಂದು ಹಿಡಿ ಜಲಸಸ್ಯವನ್ನು ತಂದಿಟ್ಟ ಕೆಲವು ದಿನಗಳಲ್ಲಿ, ಗಾಜಿಗೆ ನೂಲಿನ ತುಂಡಿನಂತೆ ಅಂಟಿಕೊಂಡು, ತುದಿಯಲ್ಲಿ ಆರೇಳು ಎಳೆಗಳನ್ನು ಚಾಚಿ ಮೆಲ್ಲನೆ ತೂಗಾಡುವ ಜೀವಿಯೊಂದು ಕಾಣಿಸಿಕೊಂಡರೆ ಗಾಬರಿಗೊಳ್ಳಬೇಕಾಗಿಲ್ಲ, ಅದು ಹೈಡ್ರಾ.

ಕಡ್ಡಿಯಿಂದ ಮುಟ್ಟಿದೊಡನೆ ಅದು ಮೈಯನ್ನೆಲ್ಲ ಸೆಳೆದುಕೊಂಡು ಪುಟ್ಟ ಗುಂಡಾಗುತ್ತದೆ. ಮತ್ತೆ ಚಾಚಿಕೊಂಡರೆ ಸುಮಾರು ಒಂದು ಸೆಂಟಿಮೀಟರ್ ಉದ್ದ. ಡಾಫ್ನಿಯಾ ಎಂಬ ನೀರುಚಿಗಟವು ಎಳೆಗಳಂಥ ಆ ಬಾಹುಗಳಿಗೆ ತಗುಲಿದ ಕ್ಷಣವೇ ಸೂಕ್ಷ್ಮ ದಂಶಕೋಶಗಳು ಸಿಡಿದು ವಿಷವನ್ನು ಚುಚ್ಚುತ್ತವೆ; ಬಾಹುಗಳು ಬೇಟೆಯನ್ನು ಬಾಯಿಗೊಯ್ಯುತ್ತವೆ. ಮನುಷ್ಯನಿಗೆ ಇದರಿಂದ ಹಾನಿಯಿಲ್ಲ. ಆಗತಾನೆ ಹುಟ್ಟಿದ ಮೀನುಮರಿಗಳಿಗೆ ಮಾತ್ರ ಅಪಾಯವುಂಟು.

1740ರಲ್ಲಿ ಹಾಲೆಂಡಿನ ಹೇಗ್ ನಗರದ ಸಮೀಪದಲ್ಲಿ ಶ್ರೀಮಂತರ ಮಕ್ಕಳಿಗೆ ಪಾಠ ಹೇಳುತ್ತಿದ್ದ ಅಬ್ರಹಾಂ ಟ್ರೆಂಬ್ಲೆ ಎಂಬ ಪಂಡಿತನು, ಇದು ಸಸ್ಯವೋ ಪ್ರಾಣಿಯೋ ಎಂಬ ಸಂದೇಹವನ್ನು ಪರಿಹರಿಸಿಕೊಳ್ಳಲು ಎರಡಾಗಿ ಕತ್ತರಿಸಿ ನೋಡಲಾಗಿ, ಎರಡು ತುಂಡುಗಳೂ ಬೆಳೆದು ಎರಡು ಪೂರ್ಣ ಜೀವಿಗಳಾದವು. ಆತನು 1744ರಲ್ಲಿ ಪ್ರಕಟಿಸಿದ ಗ್ರಂಥವು ಪ್ರಾಣಿಗಳ ಪುನರುತ್ಪಾದನ ಶಕ್ತಿಯ ಅಧ್ಯಯನಕ್ಕೆ ಅಡಿಪಾಯವಾಯಿತು. ಭೂತಕನ್ನಡಿ ಹಿಡಿದು ನೋಡಿದರೆ, ಹೈಡ್ರಾದ ಪಕ್ಕದಲ್ಲಿ ಮೊಗ್ಗಾಗಿ ಮೂಡಿದ ಮರಿಯು ತಾಯಿಯಿಂದ ಬೇರ್ಪಡುವ ಮೊದಲೇ ತನ್ನ ಬಾಹುಗಳನ್ನು ಚಾಚಿರುವುದನ್ನು ನಾವೂ ಕಾಣಬಹುದು.

ಆದುದರಿಂದ ಹೈಡ್ರಾವನ್ನು ಉಜ್ಜಿ ಚೂರುಮಾಡಬೇಡಿರಿ. ಚೂರುಗಳೇ ಹೊಸ ಹೈಡ್ರಾಗಳಾದಾವು. ಮೀನಿನ ಆಹಾರವನ್ನು ಮಿತಗೊಳಿಸಿ, ಮರಿಗಳನ್ನು ಬೇರೆ ತೊಟ್ಟಿಗೆ ಸಾಗಿಸಿರಿ. ಕೆರೆಯ ಸಸ್ಯವನ್ನು ತಂದಾಗಲೆಲ್ಲ ಮೊದಲು ಪ್ರತ್ಯೇಕ ಪಾತ್ರೆಯಲ್ಲಿ ಕೆಲವು ದಿನ ಇರಿಸಿ, ಎಲೆಯ ಅಡಿಯನ್ನೂ ಚೆನ್ನಾಗಿ ಪರೀಕ್ಷಿಸಿರಿ.