ಯಂತ್ರ ನಿಲ್ಲದಂತೆ ಡಿಸ್ಕು ಬದಲಿಸುವ ಕ್ರಮ

ಹಗಲಿರುಳೂ ನಡೆಯುತ್ತಿರಬೇಕಾದ ಸರ್ವರ್ ಯಂತ್ರದಲ್ಲಿ ಸವೆತಕ್ಕೆ ಈಡಾಗುವ ಅಂಗಗಳ ಪೈಕಿ ಹಾರ್ಡ್ ಡಿಸ್ಕು ಮುಖ್ಯವಾದುದು. ಅದರೊಳಗಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತವೆ. ಇಂದಲ್ಲ ನಾಳೆ ಕೆಡತಕ್ಕವೇ. ಯಂತ್ರವನ್ನು ನಿಲ್ಲಿಸದೆಯೇ ಕೆಟ್ಟ ಡಿಸ್ಕನ್ನು ಹೊರತೆಗೆದು ಹೊಸದನ್ನು ಕೂಡಿಸುವ ಕ್ರಮಕ್ಕೆ ‘ಹಾಟ್ ಸ್ವಾಪ್’ ಎಂದು ಹೆಸರು. ಕೈಗೆ ಇದು ಕ್ಷಣಮಾತ್ರದ ಕೆಲಸ. ಆದರೆ ಕೈ ಮುಂದಾಗುವ ಮೊದಲು ಲೆಕ್ಕ ಸರಿಯಾಗಿರಬೇಕೆಂಬುದೇ ಇದರ ಮರ್ಮ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಕ್ರಮವನ್ನು ವಿವೇಚಿಸಬಹುದು.

ಒಂದು ಡಿಸ್ಕು ಹೋದರೂ ಅದರಲ್ಲಿದ್ದ ಬರಹ ಉಳಿಯುವುದು ಹೇಗೆ? 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಎಂಬ ಮೂವರು ಪ್ರಕಟಿಸಿದ ಪ್ರಬಂಧವು, ಹಲವು ಅಗ್ಗದ ಡಿಸ್ಕುಗಳನ್ನು ಒಂದೇ ಸಮೂಹವಾಗಿ ಜೋಡಿಸುವ ‘ರೇಡ್’ ಪದ್ಧತಿಯನ್ನು ನಿರೂಪಿಸಿತು. ಅದರ ತತ್ತ್ವ ಖಾತೆಪುಸ್ತಕ ಬಲ್ಲವರಿಗೆ ಹೊಸದಲ್ಲ. 25, 40, 15 ಎಂಬ ಮೂರು ಬಾಬುಗಳಿದ್ದು, ಮೊತ್ತ 80 ಎಂದು ಬರೆದಿದೆಯೆನ್ನೋಣ. ನಡುವಣ ಬಾಬು ಅಳಿಸಿಹೋದರೂ ಮೊತ್ತದಿಂದ ಉಳಿದೆರಡನ್ನು ಕಳೆದರೆ 40 ದೊರೆಯುತ್ತದೆ. ರೇಡ್ 5ರಲ್ಲಿ ಸಂಕಲನಕ್ಕೆ ಬದಲಾಗಿ ದ್ವಿಮಾನ ಗಣಿತದ ಬೇರೊಂದು ಕ್ರಿಯೆ ಇದೆ; ನ್ಯಾಯ ಮಾತ್ರ ಇದೇ. ಆದರೆ ಎರಡು ಬಾಬುಗಳು ಒಟ್ಟಿಗೆ ಅಳಿದರೆ ಮೊತ್ತವೊಂದರಿಂದ ಎರಡನ್ನೂ ತಿಳಿಯಲಾಗದು. ಅಪಾಯವಿರುವುದು ಇಲ್ಲಿಯೇ: ಕೆಟ್ಟುದೊಂದಿರಲು, ಪಕ್ಕದ ಒಳ್ಳೆಯ ಡಿಸ್ಕನ್ನು ಎಳೆದರೆ ಸಮೂಹವೆಲ್ಲ ಕುಸಿಯುತ್ತದೆ.

ಆದುದರಿಂದ ಮೊದಲನೆಯ ಕಾರ್ಯ ಗುರುತು ಹಿಡಿಯುವುದು. ಲಿನಕ್ಸಿನ ತಿರುಳಾದ ಕರ್ನೆಲ್ ಡಿಸ್ಕುಗಳಿಗೆ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂದು ತಾನು ಕಂಡ ಕ್ರಮದಲ್ಲಿ ಹೆಸರಿಡುತ್ತದೆ. ಯಂತ್ರವನ್ನು ಮತ್ತೆ ಹೂಡಿದಾಗ ಈ ಹೆಸರುಗಳು ಅದಲುಬದಲಾಗಬಹುದು. ಬದಲಾಗದಿರುವುದು ತಯಾರಕರು ಕೊಟ್ಟ ಸೀರಿಯಲ್ ನಂಬರು. ಅದನ್ನು ‘ಸ್ಮಾರ್ಟ್‌ಸಿಟಿಎಲ್’ ಎಂಬ ಉಪಕರಣದಿಂದ ಓದಬಹುದು. ಆದರೆ ಆ ನಂಬರಿನ ಡಿಸ್ಕು ಯಾವ ಖಾನೆಯಲ್ಲಿದೆ ಎಂಬುದಕ್ಕೆ ದಾಖಲೆ ಬೇಕು. ಖಾನೆಗೆ ನಂಬರನ್ನು ಹೊಂದಿಸಿದ ಪಟ್ಟಿಯೊಂದನ್ನು ಡಿಸ್ಕು ಕೂಡಿಸಿದ ದಿನವೇ ಬರೆದಿಡತಕ್ಕದ್ದು.

ಎರಡನೆಯದು, ವ್ಯವಸ್ಥೆಗೆ ತಿಳಿಸುವುದು. ‘ಎಂಡಿಆಡ್ಮ್’ ಎಂಬ ಆದೇಶದಿಂದ ಡಿಸ್ಕು ವಿಫಲವಾಗಿದೆಯೆಂದು ಗುರುತು ಮಾಡಿ, ಬಳಿಕ ಅದನ್ನು ಸಮೂಹದಿಂದ ಬಿಡಿಸಬೇಕು. ಅನಂತರ ಆ ಡಿಸ್ಕಿನ ಹೆಸರಿನಲ್ಲಿರುವ ‘ಡಿಲೀಟ್’ ಎಂಬ ಕಡತಕ್ಕೆ 1 ಎಂದು ಬರೆದರೆ ಕರ್ನೆಲ್ ಅದರ ನಂಟು ಕಡಿದುಕೊಳ್ಳುತ್ತದೆ. ತಟ್ಟೆಗಳು ತಿರುಗಿ ನಿಲ್ಲಲು ಅರ್ಧ ನಿಮಿಷ ಕಾದು, ಆಮೇಲೆ ಹೊರಗೆಳೆಯತಕ್ಕದ್ದು.

ಯಂತ್ರದ ರಚನೆಯೂ ಇದಕ್ಕೆ ಅನುಕೂಲವಾಗಿದೆ. ಸಾಟಾ ಜೋಡಣೆಯಲ್ಲಿ ಭೂಸಂಪರ್ಕದ ಕೆಲವು ಪಟ್ಟಿಗಳು ಉಳಿದವುಗಳಿಗಿಂತ ಉದ್ದವಾಗಿದ್ದು, ಕೂಡಿಸುವಾಗ ಮೊದಲು ತಾಗುತ್ತವೆ. ತೆಗೆಯುವಾಗ ಕೊನೆಗೆ ಬಿಡುತ್ತವೆ. ಇದರಿಂದ ವಿದ್ಯುತ್ತಿನ ಆಘಾತ ತಪ್ಪುತ್ತದೆ. ಆದರೂ ಖಾನೆ, ನಿಯಂತ್ರಕ ಎರಡೂ ಈ ಸೌಲಭ್ಯವುಳ್ಳವೇ ಎಂದು ಮೊದಲೇ ನೋಡಿಕೊಳ್ಳಬೇಕು.

ಹೊಸ ಡಿಸ್ಕು ಹಳೆಯದಕ್ಕಿಂತ ಕಿರಿದಾಗಿರಬಾರದು. ಕೂಡಿಸಿದೊಡನೆ ಕರ್ನೆಲ್ ಸಾಮಾನ್ಯವಾಗಿ ತಾನೇ ಅದನ್ನು ಕಾಣುತ್ತದೆ. ಕಾಣದಿದ್ದರೆ ‘ಸ್ಕ್ಯಾನ್’ ಕಡತಕ್ಕೆ ಎಡೆಬಿಟ್ಟು ಮೂರು ಅಡ್ಡಗೀಟುಗಳನ್ನು ಬರೆದು ಹುಡುಕಿಸಬಹುದು. ಒಳ್ಳೆಯ ಡಿಸ್ಕಿನ ವಿಭಾಗಕ್ರಮವನ್ನೇ ಇದಕ್ಕೂ ಕೊಟ್ಟು ಸಮೂಹಕ್ಕೆ ಸೇರಿಸಿದರೆ ಪುನಾರಚನೆ ಆರಂಭವಾಗುತ್ತದೆ. ಯಂತ್ರ ಹೂಡುವ ಡಿಸ್ಕುಗಳಲ್ಲಿ ಇದೂ ಒಂದಾಗಿದ್ದರೆ, ಹೂಡುವ ಕ್ರಮವಿಧಿಯನ್ನೂ ಇದರಲ್ಲಿ ನೆಲೆಗೊಳಿಸಬೇಕು. ಇದನ್ನು ಮರೆತವರಿಗೆ, ಮುಂದೆಂದೋ ಇನ್ನೊಂದು ಡಿಸ್ಕು ಹೋದಾಗ ಯಂತ್ರ ಏಳದೆ ತೊಂದರೆಯಾಗುವುದುಂಟು.

ಪುನಾರಚನೆಗೆ ಹಿಡಿಯುವ ಕಾಲ ಅಲ್ಪವಲ್ಲ. 4 ಟೆರಾಬೈಟಿನ ಡಿಸ್ಕಿಗೆ ಸೆಕೆಂಡಿಗೆ 150 ಮೆಗಾಬೈಟಿನಂತೆ ಬರೆದರೂ ಸುಮಾರು ಏಳೂವರೆ ಗಂಟೆ ಬೇಕು. ಆ ತನಕ ಉಳಿದ ಡಿಸ್ಕುಗಳು ಆದ್ಯಂತವಾಗಿ ಓದಲ್ಪಡುತ್ತಿರುತ್ತವೆ. ಅವುಗಳಲ್ಲೊಂದು ಅಡಗಿಸಿಟ್ಟಿದ್ದ ದೋಷ ಬಯಲಾಗುವುದು ಆಗಲೇ. ಎರಡು ಡಿಸ್ಕುಗಳ ನಷ್ಟವನ್ನು ತಾಳುವ ರೇಡ್ 6ನ್ನು ದೊಡ್ಡ ಭಂಡಾರಗಳಿಗೆ ಆರಿಸಿಕೊಳ್ಳುವುದು ಈ ಕಾರಣದಿಂದ.

ಇಷ್ಟಾದರೂ ರೇಡ್ ಎಂಬುದು ಪ್ರತಿಯಲ್ಲ. ತಪ್ಪಿ ಅಳಿಸಿದ ಕಡತ ಸಮೂಹದಿಂದಲೇ ಅಳಿದುಹೋಗುತ್ತದೆ. ಹಳೆಯ ಗ್ರಂಥಗಳ ಛಾಯಾಪ್ರತಿಗಳನ್ನು ಇಂತಹ ಯಂತ್ರಗಳಿಗೆ ಒಪ್ಪಿಸುವ ಸಂಸ್ಥೆಗಳು ಬೇರೆ ಸ್ಥಳದಲ್ಲಿ ಬೇರೊಂದು ಪ್ರತಿಯನ್ನು ಇಟ್ಟಿರಬೇಕು. ಡಿಸ್ಕಿಗೆ ಕೈ ಹಾಕುವ ಮುನ್ನ ಆ ಪ್ರತಿ ತೆರೆಯುತ್ತದೆಯೇ ಎಂದು ಪರೀಕ್ಷಿಸತಕ್ಕದ್ದು.