ಓಡಾಡುವ ಹುಡುಗನಿಗೆ ಬಾಳುವ ಬಟ್ಟೆ

ಕಲಬುರಗಿಯ ಗಲ್ಲಿಯಲ್ಲಿ ಕ್ರಿಕೆಟ್ ಆಡುವ ಹುಡುಗನಿರಲಿ, ಕಮಲಾಪುರದ ಬಾಳೆ ತೋಟದಲ್ಲಿ ತಂದೆಯ ಹಿಂದೆ ಓಡುವ ಹುಡುಗನಿರಲಿ, ಇಬ್ಬರ ಪೈಜಾಮವೂ ಮೊದಲು ಹರಿಯುವುದು ಒಂದೇ ಕಡೆ: ಎರಡು ಕಾಲು ಕೂಡುವ ಜಾಗದಲ್ಲಿ. ಅದರ ನಂತರ ಮೊಣಕಾಲು, ಆಮೇಲೆ ಜೇಬಿನ ಮೂಲೆ, ಕೊನೆಗೆ ಕಂಕುಳು. ಹೊಸ ಬಟ್ಟೆ ಎರಡೇ ತಿಂಗಳಲ್ಲಿ ಹರಿದರೆ ಬೈಗುಳ ಮಗನಿಗೆ ಬೀಳುತ್ತದೆ. ಆದರೆ ತಪ್ಪು ಹೆಚ್ಚಾಗಿ ಬಟ್ಟೆಯ ಕತ್ತರಿಕೆಯಲ್ಲಿರುತ್ತದೆ. ಓಡುವುದು, ಕುಕ್ಕರಗಾಲಲ್ಲಿ ಕೂರುವುದು, ಗೋಡೆ ಹತ್ತುವುದು ಹುಡುಗರ ಆರೋಗ್ಯದ ಲಕ್ಷಣ. ಅದಕ್ಕೆ ತಕ್ಕಂತೆ ಬಟ್ಟೆಯನ್ನು ಹೊಲಿಯಬೇಕೇ ಹೊರತು ಬಟ್ಟೆಗೆ ತಕ್ಕಂತೆ ಹುಡುಗನನ್ನು ಕಟ್ಟಿಹಾಕಬಾರದು.

ಇದು ಬರೀ ಉಳಿತಾಯದ ಮಾತಲ್ಲ. ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಗಿಯಾದ, ಬೆವರು ಹೀರದ ಬಟ್ಟೆಯೊಳಗೆ ತೊಡೆಸಂದಿಯ ಚರ್ಮ ದಿನವಿಡೀ ತೇವವಾಗಿ, ಉಜ್ಜಿ ಕೆಂಪಾಗುತ್ತದೆ. ಬೆವರುಸಾಲೆ, ಗಜಕರ್ಣ, ತುರಿಕೆ ಶುರುವಾಗುವುದು ಇಲ್ಲಿಂದಲೇ. ಮನೆಯಲ್ಲಿ ಹೊಲಿಗೆ ಯಂತ್ರ ಇರುವ ತಾಯಂದಿರು ಮತ್ತು ಅಕ್ಕಂದಿರು ಇದನ್ನು ಸುಲಭವಾಗಿ ತಡೆಯಬಹುದು.

ಯಾವ ಬಟ್ಟೆ?

ನಮ್ಮ ಜಿಲ್ಲೆಗೆ ಹತ್ತಿ ಹೊಸದಲ್ಲ. ನಿಜಾಮರ ಕಾಲದ ಮೆಹಬೂಬ್ ಶಾಹಿ ಮಿಲ್ ಮುಚ್ಚಿಹೋದರೂ ಎಂ.ಎಸ್.ಕೆ. ಮಿಲ್ ಎಂಬ ಹೆಸರು ಕಲಬುರಗಿ ನಗರದಲ್ಲಿ ಇಂದಿಗೂ ಉಳಿದಿದೆ. ಈಗ ಕಪಡಾ ಬಜಾರಿನ ಅಂಗಡಿಗೆ ಹೋದರೆ ಹತ್ತಿ, ಟೆರಿಕಾಟ್, ಪಾಲಿಯೆಸ್ಟರ್ ಎಲ್ಲವೂ ಒಂದೇ ಸಾಲಿನಲ್ಲಿ ಹೊಳೆಯುತ್ತವೆ. ವ್ಯತ್ಯಾಸ ತಿಳಿದು ಕೊಳ್ಳಬೇಕು. ಒಣಗಿದಂತೆ ಕಾಣುವ 100 ಗ್ರಾಂ ಹತ್ತಿ ಬಟ್ಟೆ ಗಾಳಿಯಿಂದಲೇ ಸುಮಾರು 8 ಗ್ರಾಂ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟೇ ತೂಕದ ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹಿಡಿಯುವುದಿಲ್ಲ. ಆದ್ದರಿಂದಲೇ ಪಾಲಿಯೆಸ್ಟರ್ ತೊಟ್ಟಾಗ ಬೆವರು ಮೈಗೆ ಅಂಟಿದಂತಾಗುತ್ತದೆ.

ಅನುಮಾನವಿದ್ದರೆ ಬಟ್ಟೆಯ ಅಂಚಿನಿಂದ ಎರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಬೀರಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕಿಡಿ ತಗುಲಿದರೆ ಅದು ಚರ್ಮಕ್ಕೂ ಹಾಗೆಯೇ ಅಂಟುತ್ತದೆ ಎಂಬುದು ನೆನಪಿರಲಿ. ಒಲೆಯ ಬಳಿ, ಪಟಾಕಿಯ ಬಳಿ ಸುಳಿಯುವ ಮಕ್ಕಳಿಗೆ ಅದು ಬೇಡ.

ಪೈಜಾಮಕ್ಕೆ ಡ್ರಿಲ್‌ನಂತಹ ದಪ್ಪ ಹತ್ತಿ, ಕುರ್ತಾ ಮತ್ತು ಅಂಗಿಗೆ ಪಾಪ್ಲಿನ್ ಸಾಕು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಜರಡಿಯಂತೆ ಬೆಳಕು ತೂರಿ ಬಂದರೆ ಅದು ಪೈಜಾಮಕ್ಕೆ ಆಗದು. ಶಾಲೆಯ ಸಮವಸ್ತ್ರ ಟೆರಿಕಾಟ್‌ನದಾಗಿದ್ದರೆ ಒಳಗೆ ಹತ್ತಿಯ ಬನಿಯನ್ನು ಮತ್ತು ಚಡ್ಡಿ ತಪ್ಪದೆ ಹಾಕಿಸಿ.

ಕತ್ತರಿ ಹಿಡಿಯುವ ಮುನ್ನ ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಹತ್ತಿ ಕುಗ್ಗುವುದಿದ್ದರೆ ಹೊಲಿಯುವ ಮೊದಲೇ ಕುಗ್ಗಲಿ.

ಕೂರಿಸಿ ಅಳತೆ ತೆಗೆಯಿರಿ

ನಿಂತ ಹುಡುಗನ ಅಳತೆ ನಿಂತ ಹುಡುಗನಿಗೆ ಮಾತ್ರ ಸರಿಹೋಗುತ್ತದೆ. ಮದ್ರಸದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವಾಗ, ನಮಾಝ್‌ನಲ್ಲಿ ರುಕೂಗೆ ಬಾಗುವಾಗ, ಸಜ್ದಾದಿಂದ ಏಳುವಾಗ ಸೊಂಟದ ಹಿಂಭಾಗಕ್ಕೆ ಹೆಚ್ಚು ಬಟ್ಟೆ ಬೇಕು. ಆದ್ದರಿಂದ ಹುಡುಗನನ್ನು ಗಟ್ಟಿ ಕುರ್ಚಿಯ ಮೇಲೆ ನೆಟ್ಟಗೆ ಕೂರಿಸಿ, ಪಕ್ಕದಲ್ಲಿ ಸೊಂಟದಿಂದ ಕುರ್ಚಿಯ ಹಲಗೆಯವರೆಗೆ ಅಳೆಯಿರಿ. ಇದೇ ಆಸನದ ಅಳತೆ. ಎಂಟು ವರ್ಷದ ಹುಡುಗನಿಗೆ ಇದು ಸುಮಾರು 22 ಸೆಂಟಿಮೀಟರ್ ಬರಬಹುದು. ಮೊಣಕಾಲು ಎಲ್ಲಿ ಬರುತ್ತದೆ ಎಂಬುದನ್ನೂ ಕೂತಾಗಲೇ ಗುರುತಿಸಿ.

ಕುಂಡಿಯ ಸುತ್ತಳತೆ 66 ಇದ್ದರೆ ಸಡಿಲಕ್ಕೆ 14 ಸೇರಿಸಿ 80 ಮಾಡಿ. ಒಂದು ಕಾಲಿಗೆ 40, ಹೊಲಿಗೆಗೆ 3 ಸೇರಿ 43 ಸೆಂ.ಮೀ. ಅಗಲದ ಒಂದೇ ತುಂಡು. ಪಕ್ಕದಲ್ಲಿ ಹೊಲಿಗೆ ಇಲ್ಲದ್ದರಿಂದ ಹರಿಯುವ ಜಾಗವೊಂದು ಕಡಿಮೆಯಾಯಿತು. ಉದ್ದದ ಅಳತೆಗೆ ನೇಫಾದ ಮಡಿಕೆಗೆ 4, ಕೆಳ ಅಂಚಿಗೆ 3, ಬೆಳೆಯುವ ಮಗುವಿಗಾಗಿ ಒಳಗೆ ಮಡಿಸಿಡಲು 5 ಸೆಂ.ಮೀ. ಸೇರಿಸಿ. ಮೇಲ್ಅಂಚನ್ನು ಹಿಂಭಾಗದಲ್ಲಿ 3 ಸೆಂ.ಮೀ. ಎತ್ತರ ಬಿಟ್ಟು, ಮುಂಭಾಗಕ್ಕೆ ಇಳಿಜಾರಾಗಿ ಕತ್ತರಿಸಿ. ಬಾಗಿದಾಗ ಪೈಜಾಮ ಕೆಳಗೆ ಜಾರದಿರಲು ಇದೇ ಉಪಾಯ.

ಮಿಯಾನಿ ಬಿಡಬೇಡಿ

ನಮ್ಮ ಅಜ್ಜಿಯಂದಿರ ಕಾಲದ ಪೈಜಾಮದಲ್ಲಿ ಎರಡು ಕಾಲುಗಳ ನಡುವೆ ಒಂದು ಚೌಕ ತುಂಡು ಇರುತ್ತಿತ್ತು. ಅದೇ ಮಿಯಾನಿ. ರೆಡಿಮೇಡ್ ಪ್ಯಾಂಟಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಅಲ್ಲಿ ನಾಲ್ಕು ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಬಂದು ಸೇರುತ್ತವೆ. ಹುಡುಗ ಕಾಲು ಅಗಲಿಸಿದಾಗ ಎಳೆತವೆಲ್ಲ ಆ ಬಿಂದುವಿನ ಮೇಲೆಯೇ ಬಿದ್ದು ನೂಲು ತುಂಡಾಗುತ್ತದೆ. ಮಿಯಾನಿ ಆ ಎಳೆತವನ್ನು ನಾಲ್ಕು ಬದಿಗೆ ಹಂಚುತ್ತದೆ. ಜೊತೆಗೆ ಚೌಕವನ್ನು ಮೂಲೆಯಿಂದ ಮೂಲೆಗೆ ಕೂರಿಸುವುದರಿಂದ ಅದರ ಬಟ್ಟೆ ಓರೆಯಾಗಿ, ಅಂದರೆ ಉರೇಬಾಗಿ ನಿಂತು ಸ್ವಲ್ಪ ಹಿಗ್ಗುತ್ತದೆ.

ಕೂರಿಸುವ ಕ್ರಮ ಹೀಗೆ. 15 ಸೆಂ.ಮೀ. ಚೌಕ ಕತ್ತರಿಸಿಕೊಳ್ಳಿ. ಸುತ್ತ ಒಂದೂವರೆ ಸೆಂ.ಮೀ. ಹೊಲಿಗೆಗೆ ಹೋದರೆ 12 ಉಳಿಯುತ್ತದೆ. ಎರಡು ಕಾಲಿನ ತುಂಡುಗಳ ಮುಂದಿನ ಅಂಚುಗಳನ್ನು ಜೋಡಿಸಿ ಸೊಂಟದಿಂದ ಕೆಳಗೆ ಹೊಲಿಯುತ್ತ ಬಂದು, ಆಸನದ ಅಳತೆಗಿಂತ 3 ಸೆಂ.ಮೀ. ಮೇಲೆಯೇ ನಿಲ್ಲಿಸಿ. ಹಿಂದಿನ ಅಂಚುಗಳನ್ನೂ ಹಾಗೆಯೇ ಹೊಲಿಯಿರಿ. ನಿಂತ ಜಾಗದಿಂದ 12 ಸೆಂ.ಮೀ. ಕೆಳಗೆ ಪ್ರತಿ ಕಾಲಿನ ಒಳಬದಿಯಲ್ಲೂ ಗುರುತು ಮಾಡಿ, ಕೆಳ ಅಂಚಿನಿಂದ ಆ ಗುರುತಿನವರೆಗೆ ಒಳಕಾಲಿನ ಹೊಲಿಗೆ ಹಾಕಿ. ಈಗ ನಡುವೆ ನಾಲ್ಕು ಬದಿಯ ಬಾಯಿ ಉಳಿಯುತ್ತದೆ. ಚೌಕದ ಒಂದು ಮೂಲೆ ಮುಂದಿನ ಹೊಲಿಗೆಯ ತುದಿಗೆ, ಎದುರು ಮೂಲೆ ಹಿಂದಿನ ತುದಿಗೆ, ಉಳಿದ ಎರಡು ಮೂಲೆ ಎರಡು ಕಾಲಿಗೆ ಬರುವಂತೆ ಇಟ್ಟು ಮೊದಲು ಕಚ್ಚಾ ಹೊಲಿಗೆ ಹಾಕಿ. ಹುಡುಗನಿಗೆ ತೊಡಿಸಿ ಕುಕ್ಕರಗಾಲಲ್ಲಿ ಕೂರಿಸಿ ನೋಡಿ. ಎಲ್ಲೂ ಎಳೆಯದಿದ್ದರೆ ಯಂತ್ರದ ಹೊಲಿಗೆ ಹಾಕಿ.

ಇದೇ ತತ್ವ ಕುರ್ತಾದ ಕಂಕುಳಿಗೂ ಸಲ್ಲುತ್ತದೆ. ಅಲ್ಲಿ 8 ಸೆಂ.ಮೀ. ಚೌಕ ಸಾಕು. ತೋಳನ್ನು ಮೊಣಕೈ ಮೇಲಕ್ಕೆ ಸುಲಭವಾಗಿ ಏರಿಸುವಷ್ಟು ಅಗಲವಿಡಿ. ತೋಳು ಬಿಗಿಯಾದರೆ ವುಝೂ ಮಾಡುವಾಗ ಬಟ್ಟೆ ನೆನೆದು, ಹಸಿಯಾಗಿಯೇ ಮೈಮೇಲೆ ಉಳಿಯುತ್ತದೆ.

ಗಟ್ಟಿ ಹೊಲಿಗೆ

ಹೊಲಿಗೆಯ ಅಂಚು ಒಳಗೆ ಬಿಚ್ಚಿಕೊಂಡಿದ್ದರೆ ಎಳೆ ಬಿಡುತ್ತದೆ, ತೊಡೆಗೂ ಉಜ್ಜುತ್ತದೆ. ಆದ್ದರಿಂದ ಒಮ್ಮೆ ಹೊಲಿದ ಮೇಲೆ ಒಂದು ಪದರದ ಅಂಚನ್ನು ಅರ್ಧ ಕತ್ತರಿಸಿ, ಇನ್ನೊಂದರ ಅಂಚನ್ನು ಅದರ ಮೇಲೆ ಮಡಿಸಿ, ಚಪ್ಪಟೆಯಾಗಿ ಎರಡನೇ ಹೊಲಿಗೆ ಹಾಕಿ. ಜೀನ್ಸ್ ಪ್ಯಾಂಟಿನ ಕಾಲಿನಲ್ಲಿ ಕಾಣುವ ಜೋಡಿ ಹೊಲಿಗೆ ಇದೇ. ದಪ್ಪ ಬಟ್ಟೆಗೆ 14 ಅಥವಾ 16 ನಂಬರಿನ ಸೂಜಿ ಹಾಕಿ. ಒಂದು ಇಂಚಿಗೆ ಹತ್ತು ಟಾಕೆ ಬಂದರೆ ಸರಿ. ನೂಲು ಮಾತ್ರ ಪಾಲಿಯೆಸ್ಟರಿನದೇ ಇರಲಿ, ಅದು ಬೇಗ ತುಂಡಾಗುವುದಿಲ್ಲ.

ಜೇಬಿನ ಮೂಲೆಯ ಕಥೆ ಹಳೆಯದು. ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಕೂಲಿಕಾರರ ಪ್ಯಾಂಟಿನ ಜೇಬು ಪದೇಪದೇ ಕಿತ್ತುಬರುವುದನ್ನು ನೋಡಿ ಮೂಲೆಗೆ ತಾಮ್ರದ ಮೊಳೆ ಬಡಿದ. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಜೀನ್ಸ್ ಹುಟ್ಟಿದ್ದು ಹೀಗೆ. ನಮಗೆ ಮೊಳೆ ಬೇಡ. ಜೇಬಿನ ಎರಡೂ ಮೂಲೆಗೆ, ಕುರ್ತಾದ ಚಾಕಿನ ತುದಿಗೆ ಒಂದು ಸೆಂಟಿಮೀಟರ್ ಉದ್ದ ಒತ್ತೊತ್ತಾಗಿ ಹೋಗಿ ಬರುವ ಹೊಲಿಗೆ ಹಾಕಿದರೆ ಸಾಕು.

ಮೊಣಕಾಲು ಹರಿದ ಮೇಲೆ ತೇಪೆ ಹಾಕುವುದಕ್ಕಿಂತ ಹರಿಯುವ ಮೊದಲೇ ಹಾಕಿ. ಕಾಲಿನ ತುಂಡು ಇನ್ನೂ ಹರಡಿರುವಾಗಲೇ 14 ಅಗಲ, 18 ಉದ್ದದ ತುಂಡನ್ನು ಮೇಲೆ ಕೂರಿಸಿ. ಮೂರರಲ್ಲಿ ಒಂದು ಪಾಲು ಮೊಣಕಾಲಿನ ಮೇಲೆ, ಎರಡು ಪಾಲು ಕೆಳಗೆ ಬರಲಿ. ಮೂಲೆಗಳನ್ನು ದುಂಡಗೆ ಮಾಡಿ, ಚೂಪು ಮೂಲೆ ಬೇಗ ಏಳುತ್ತದೆ.

ಲಾಡಿ, ಇಲಾಸ್ಟಿಕ್, ಜಿಪ್

ಸಣ್ಣ ಹುಡುಗರಿಗೆ ಜಿಪ್ ಬೇಡ. ಅವಸರದಲ್ಲಿ ಎಳೆದಾಗ ಗುಪ್ತಾಂಗದ ಚರ್ಮ ಸಿಕ್ಕಿಬೀಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಪೆಟ್ಟು. ಒಳಚಡ್ಡಿ ಇಲ್ಲದೆ ಜಿಪ್ ಪ್ಯಾಂಟ್ ಹಾಕಿದಾಗ ಅಪಾಯ ಇನ್ನೂ ಹೆಚ್ಚು. ದೊಡ್ಡ ಹುಡುಗರ ಪ್ಯಾಂಟಿನಲ್ಲಿ ಜಿಪ್ ಹಿಂದೆ ಹತ್ತಿ ಬಟ್ಟೆಯ ಪಟ್ಟಿ ಇರಲಿ. ಚರ್ಮ ಸಿಕ್ಕಿಕೊಂಡರೆ ಎಳೆಯಬೇಡಿ. ಸುತ್ತಲಿನ ಬಟ್ಟೆ ಕತ್ತರಿಸಿ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಜಿಪ್ಪಿನ ಗುಂಡಿಯನ್ನು ತುಂಡರಿಸಿ ಬಿಡಿಸುತ್ತಾರೆ. ಖತ್ನಾ ಆದ ಮಗುವಿಗೆ ಗಾಯ ಮಾಯುವವರೆಗೆ ವೈದ್ಯರು ಹೇಳಿದಷ್ಟು ದಿನ ಸಡಿಲವಾದ, ಮೆತ್ತನೆಯ ಹತ್ತಿಯ ಲುಂಗಿಯೇ ಸರಿ.

ಇಲಾಸ್ಟಿಕ್ ಮತ್ತು ಹೊಟ್ಟೆಯ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಸಂಜೆ ಬಿಚ್ಚಿದಾಗ ಸೊಂಟದಲ್ಲಿ ಕೆಂಪು ಗೆರೆ ಮೂಡಿದ್ದರೆ ಅದು ಬಿಗಿ. ಲಾಡಿ ಹಾಕಿದರೆ ತುದಿ ಉದ್ದಕ್ಕೆ ನೇತಾಡದಿರಲಿ, ಹಿಂಭಾಗದಲ್ಲಿ ನೇಫಾಕ್ಕೆ ಒಂದು ಟಾಕೆ ಹಾಕಿ. ಕುತ್ತಿಗೆಗೆ, ಟೋಪಿಯಿರುವ ಅಂಗಿಗೆ ಲಾಡಿ ಎಂದೂ ಬೇಡ. ಜಾರುಬಂಡೆಯಲ್ಲಿ, ವಾಹನದ ಬಾಗಿಲಲ್ಲಿ ಸಿಕ್ಕಿ ಮಕ್ಕಳು ಸತ್ತ ಮೇಲೆ 1996ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಮಕ್ಕಳ ಮೇಲುಡುಪಿನ ಕತ್ತಿನ ಲಾಡಿಯನ್ನು ಕೈಬಿಡುವಂತೆ ಸೂಚಿಸಿತು. ಸೈಕಲ್ ತುಳಿಯುವ ಹುಡುಗನ ಪೈಜಾಮದ ಬಲಗಾಲಿನ ಅಂಚಿಗೆ ಗುಂಡಿಯೊಂದನ್ನು ಇಡಿ, ಬಟ್ಟೆ ಚೈನಿಗೆ ಸಿಗುವುದಿಲ್ಲ.

ಹೊಲ, ತೋಟದ ಬಟ್ಟೆ

ಹುಮನಾಬಾದ್ ದಾರಿಯ ಕಮಲಾಪುರ ಕೆಂಪು ಬಾಳೆಗೆ ಹೆಸರುವಾಸಿ. ಆದರೆ ಬಾಳೆಯ ರಸ ಬಟ್ಟೆಗೆ ಬಿದ್ದು ಒಣಗಿತೋ, ಕಂದು ಕಲೆ ಜನ್ಮಪೂರ್ತಿ ಹೋಗದು. ತೋಟಕ್ಕೆ ಹೋಗುವ ಹುಡುಗನಿಗೆ ಗಾಢ ಬಣ್ಣದ ಒಂದು ಜೊತೆ ಪ್ರತ್ಯೇಕ ಹೊಲಿಯಿರಿ. ತೊಗರಿ ಕೊಯ್ದ ಹೊಲದಲ್ಲಿ ಉಳಿದ ಕೂಳೆ ಕಾಲಿಗೆ ಚುಚ್ಚುತ್ತದೆ, ಅಲ್ಲಿ ಚಡ್ಡಿಗಿಂತ ಪೂರ್ತಿ ಪೈಜಾಮವೇ ಲೇಸು. ಮಳೆಗಾಲದ ಎರೆ ಮಣ್ಣು ಮೆತ್ತಿಕೊಂಡರೆ ಹಸಿಯಾಗಿಯೇ ತಿಕ್ಕಬೇಡಿ. ಒಣಗಲು ಬಿಟ್ಟು, ಬ್ರಷ್ಷಿನಿಂದ ಉದುರಿಸಿ, ಆಮೇಲೆ ತಣ್ಣೀರಿನಲ್ಲಿ ನೆನೆಸಿ.

ಚರ್ಮ ಕಾಯುವ ಒಗೆತ

ಒಳಬಟ್ಟೆ ದಿನವೂ ಬದಲಾಗಲಿ, ಬಿಸಿಲಿನಲ್ಲಿ ಒಳಮೈ ಹೊರಗೆ ಮಾಡಿ ಒಣಗಲಿ. ಅಣ್ಣತಮ್ಮಂದಿರು ಒಂದೇ ಟವೆಲ್, ಒಂದೇ ಚಡ್ಡಿ ಬಳಸುವುದು ಬೇಡ. ಮನೆಯಲ್ಲಿ ಒಬ್ಬರಿಗೆ ಕಜ್ಜಿಯಾದರೆ ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಬಟ್ಟೆ ಮತ್ತು ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ಒಗೆಯಲಾಗದ್ದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕನಿಷ್ಠ ಮೂರು ದಿನ ಮುಟ್ಟದೆ ಇಡಿ. ಮನುಷ್ಯನ ಚರ್ಮದಿಂದ ದೂರವಾದ ಕಜ್ಜಿಯ ಹುಳ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಬದುಕುವುದಿಲ್ಲ.

ತೊಡೆಸಂದಿಯಲ್ಲಿ ಉಂಗುರದಂತೆ ಕೆಂಪು ಕಲೆ ಹರಡುತ್ತಿದ್ದರೆ ಅದು ಗಜಕರ್ಣವಿರಬಹುದು. ಮೆಡಿಕಲ್ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಹಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನ ತುರಿಕೆ ಅಡಗಿ, ರೋಗ ಒಳಗೊಳಗೇ ಹರಡಿ, ಆಮೇಲೆ ಯಾವ ಮದ್ದಿಗೂ ಬೇಗ ಬಗ್ಗುವುದಿಲ್ಲ. ಚರ್ಮ ವೈದ್ಯರಿಗೆ ತೋರಿಸಿ. ಅವರು ಹೇಳಿದಷ್ಟು ದಿನವೂ ಔಷಧಿ ಹಚ್ಚಿ, ತುರಿಕೆ ನಿಂತಿತೆಂದು ನಡುವೆ ಬಿಡಬೇಡಿ.

ಹೊಲಿದು ಮುಗಿದ ಬಟ್ಟೆಯನ್ನು ಪರೀಕ್ಷಿಸುವುದು ಸುಲಭ. ಹುಡುಗ ಅದನ್ನು ತೊಟ್ಟು ಕುಕ್ಕರಗಾಲಲ್ಲಿ ಕೂರಲಿ, ಎರಡೂ ಕೈ ಮೇಲೆತ್ತಲಿ, ಸೊಂಟ ಬಾಗಿಸಲಿ, ಒಂದು ಮೆಟ್ಟಿಲು ಬಿಟ್ಟು ಇನ್ನೊಂದಕ್ಕೆ ಕಾಲಿಡಲಿ. ಎಲ್ಲಾದರೂ ಎಳೆಯುತ್ತದೆಯೇ, ಚುಚ್ಚುತ್ತದೆಯೇ ಎಂದು ಅವನನ್ನೇ ಕೇಳಿ. ನಾಚಿಕೆಯಿಂದ ತುರಿಕೆಯನ್ನೂ ಉರಿಯನ್ನೂ ಮುಚ್ಚಿಡುವ ಹುಡುಗರು ಬಹಳ. ಬಟ್ಟೆಯ ನೆಪದಲ್ಲಿ ಕೇಳಿದರೆ ಹೇಳುತ್ತಾರೆ. ಹಾಗೆಯೇ ಕೈಗೊಂದು ಸೂಜಿ ನೂಲು ಕೊಟ್ಟು, ಕಿತ್ತುಹೋದ ಗುಂಡಿಯನ್ನು ತಾನೇ ಹಚ್ಚಿಕೊಳ್ಳುವುದನ್ನೂ ಕಲಿಸಿ. ಅದಕ್ಕೆ ಹತ್ತು ನಿಮಿಷ ಸಾಕು.